ಗಡಿಯಂಚಿನ ಮರೆತ ಬೀಡುಗಳು: ಹೈದರಾಬಾದ್ ವಿಮೋಚನೆಯ ಶಿಬಿರಗಳೂ ಕಾಳಗಿ ಸೀಮೆಯ ನೆಲವೂ

(ಕಾಳಗಿಯಲ್ಲಿ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರತಿವರ್ಷ ಸೆಪ್ಟೆಂಬರ್ 17ರಂದು ಈ ಭಾಗದ ಶಾಲೆ, ಕಚೇರಿ, ಪಂಚಾಯಿತಿಗಳ ಮುಂದೆ ಧ್ವಜ ಏರುತ್ತದೆ. ಭಾಷಣಗಳಲ್ಲಿ ನಿಜಾಮನ ಹೆಸರು ಬರುತ್ತದೆ, ರಜಾಕಾರರ ಹಾವಳಿಯ ನೆನಪಾಗುತ್ತದೆ, ಸರ್ದಾರ್ ಪಟೇಲರ ದೃಢತೆಯ ಪ್ರಶಂಸೆಯಾಗುತ್ತದೆ. ಭಾರತದ ಸೇನೆ 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿ ಐದು ದಿನಗಳಲ್ಲಿ ಕಾರ್ಯ ಮುಗಿಸಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆ ಐದು ದಿನಗಳ ಹಿಂದೆ ಹದಿಮೂರು ತಿಂಗಳುಗಳಿದ್ದವು. 1947ರ ಆಗಸ್ಟ್ 15ರಂದು ದೇಶದ ಉಳಿದ ಭಾಗ ಸ್ವತಂತ್ರವಾದ ದಿನದಿಂದ ಸೇನೆ ಬರುವವರೆಗಿನ ಆ ಅವಧಿಯಲ್ಲಿ ಹೋರಾಟವನ್ನು ಜೀವಂತವಾಗಿಟ್ಟವು ಗಡಿಯಾಚೆಯ ಶಿಬಿರಗಳು. ಆ ಶಿಬಿರಗಳು ಎಲ್ಲಿದ್ದವು ಎಂದು ಭೂಪಟದ ಮೇಲೆ ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿಗಳು ಇಂದು ಎಷ್ಟು ಮಂದಿ? ಮುಂಡರಗಿ, ಗಜೇಂದ್ರಗಡ, ದುಧನಿ, ವಾಗ್ದರಿ ಎಂಬ ಊರುಗಳನ್ನು ವಿಮೋಚನೆಯೊಂದಿಗೆ ಜೋಡಿಸಿ ನೆನೆಯುವವರು ಎಷ್ಟು ಮಂದಿ?

ಈ ಪ್ರಶ್ನೆ ಇತಿಹಾಸದ ಪಠ್ಯಕ್ಕಷ್ಟೇ ಸೇರಿದ್ದಲ್ಲ. ಒಂದು ಶಿಬಿರ ನಿಲ್ಲಬೇಕಾದರೆ ನೀರು ಬೇಕು, ಕಾಳು ಬೇಕು, ಮರೆ ಬೇಕು, ದಾರಿ ಬಲ್ಲ ಜನ ಬೇಕು. ಇವೆಲ್ಲವೂ ನೆಲದ ಸಂಗತಿಗಳು. ಹಾಗಾಗಿ ಪರಿಸರವನ್ನು ಕುರಿತು ಚಿಂತಿಸುವವರಿಗೆ ಆ ಶಿಬಿರಗಳ ಕಥೆ ತಮ್ಮದೇ ಕಥೆಯಾಗಿದೆ.

ಬೀಡು ಎಂಬ ಮಾತು

ಸೇನೆ ತಂಗುವ ತಾಣಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಹಳೆಯ ಶಾಸನಗಳು ಅರಸನು ದಂಡಿನೊಡನೆ ತಂಗಿದ ಸ್ಥಳವನ್ನು ಬೀಡು, ನೆಲೆವೀಡು ಎನ್ನುತ್ತವೆ. ನಂತರದ ಕಾಲದಲ್ಲಿ ಪಾಳೆಯ, ದಂಡು, ಛಾವಣಿ, ಲಷ್ಕರ್ ಎಂಬ ಮಾತುಗಳು ಬಂದವು. ಕಾಳಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಈ ನೆಲ ಸಾವಿರ ವರ್ಷಗಳಿಂದ ದಂಡುಗಳನ್ನು ಕಂಡಿದೆ. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನನ್ನು ಮಣಿಸಲು ಬ್ರಿಟಿಷ್ ಪಡೆ ಸುರಪುರದ ಎದುರು ಬೀಡುಬಿಟ್ಟಿತ್ತು. ಅದೇ ವರ್ಷ ಮುಂಡರಗಿ ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು.

ಅರಸರ ಬೀಡುಗಳಿಗೆ ಶಾಸನವಿದೆ. ಬ್ರಿಟಿಷರ ಛಾವಣಿಗಳಿಗೆ ಕಲ್ಲಿನ ಕಟ್ಟಡಗಳಿವೆ. ಸಿಕಂದರಾಬಾದಿನಂತಹ ದಂಡಿನ ನೆಲೆ ಮಹಾನಗರವಾಗಿಯೇ ಬೆಳೆದಿದೆ. 1947–48ರ ಶಿಬಿರಗಳಿಗೆ ಇಂತಹ ಯಾವ ಗುರುತೂ ದಕ್ಕಲಿಲ್ಲ. ಅವು ಕಟ್ಟಿಸಿದ ನೆಲೆಗಳಾಗಿರಲಿಲ್ಲ. ಗಡಿಯೂರಿನ ಜನ ಇರುವುದರಲ್ಲಿಯೇ ಸ್ಥಳ ಮಾಡಿಕೊಟ್ಟ ಆಶ್ರಯಗಳಾಗಿದ್ದವು. ಕೆಲಸ ತೀರಿದೊಡನೆ ಆ ಜಾಗಗಳು ಮತ್ತೆ ಹೊಲ, ಹಿತ್ತಿಲು, ಓಣಿಗಳಾದವು.

ಹದಿಮೂರು ತಿಂಗಳ ಹಿನ್ನೆಲೆ

ಹೈದರಾಬಾದ್ ದೇಶದ ಅತಿ ದೊಡ್ಡ ಸಂಸ್ಥಾನಗಳಲ್ಲೊಂದು. ಅದರ ವಿಸ್ತೀರ್ಣ ಸುಮಾರು 82,000 ಚದರ ಮೈಲಿ. 1941ರ ಗಣತಿಯಂತೆ ಜನಸಂಖ್ಯೆ 1.6 ಕೋಟಿಗೂ ಹೆಚ್ಚು. ತೆಲುಗು, ಮರಾಠಿ, ಕನ್ನಡ, ಉರ್ದು ಮಾತನಾಡುವ ಜನರಿದ್ದ ಆ ನಾಡಿನಲ್ಲಿ ಕನ್ನಡಿಗರು ಮುಖ್ಯವಾಗಿ ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳಲ್ಲಿದ್ದರು. ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ರೈಲು, ತನ್ನದೇ ಸುಂಕವಿತ್ತು. ಗಡಿಯುದ್ದಕ್ಕೂ ಕರೋಡಗಿರಿ ನಾಕೆಗಳಿದ್ದವು. ಒಳಗೆ ಬರುವ, ಹೊರಗೆ ಹೋಗುವ ಸರಕಿಗೆ ಅಲ್ಲಿ ಸುಂಕ ತೆರಬೇಕಿತ್ತು. ಭೂಮಿಯಲ್ಲಿ ಸುಮಾರು ಶೇ. 60ರಷ್ಟು ಸರ್ಕಾರದ ದಿವಾನಿ ಆಡಳಿತದಲ್ಲಿತ್ತು. ಶೇ. 10ರಷ್ಟು ನಿಜಾಮನ ಸ್ವಂತ ಸರ್ಫ್-ಎ-ಖಾಸ್. ಉಳಿದ ಶೇ. 30ರಷ್ಟು ಜಾಗೀರುದಾರರ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈತನ ಕಣಕ್ಕೇ ಬಂದು ಕಾಳು ಅಳೆದುಕೊಳ್ಳುವ ಲೆವಿ ಪದ್ಧತಿ ಬಂದಿತು. ದೊಡ್ಡವರ ಹಗೇವು ಉಳಿದು ಸಣ್ಣ ರೈತನ ಚೀಲ ಬರಿದಾಗುವುದು ಆ ಪದ್ಧತಿಯ ದೋಷವಾಗಿತ್ತು.

1938ರಲ್ಲಿ ಹುಟ್ಟುವಾಗಲೇ ನಿಷೇಧಕ್ಕೆ ಒಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧ 1946ರಲ್ಲಿ ತೆರವಾಯಿತು. 1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ತನ್ನ ಸಂಸ್ಥಾನ ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದನು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಆಗಸ್ಟ್ 7ರಂದು ‘ಭಾರತ ಒಕ್ಕೂಟ ಸೇರಿರಿ’ ದಿನಾಚರಣೆಗೆ ಕರೆಯಿತ್ತರು. ಆಗಸ್ಟ್ 15ರಂದು ತ್ರಿವರ್ಣ ಧ್ವಜ ಹಾರಿಸುವ ಕಾರ್ಯಕ್ರಮದೊಡನೆ ಅವರ ಬಂಧನವಾಯಿತು. ಈ ಸ್ವಾಮೀಜಿ ಜನಿಸಿದ್ದು ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ, 1903ರಲ್ಲಿ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಗುಲಬರ್ಗಾ ಕ್ಷೇತ್ರ ಅವರನ್ನೇ ಆರಿಸಿ ಕಳುಹಿಸಿತು.

ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಫಲವಾಗಿ ಸಿಕಂದರಾಬಾದಿನಲ್ಲಿದ್ದ ಭಾರತದ ಸೇನೆ ಹಿಂದೆ ಸರಿಯಿತು. ಇತ್ತ ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದ ರಜಾಕಾರರ ಪಡೆ ಹಳ್ಳಿಹಳ್ಳಿಗೂ ಹಬ್ಬಿತು. ದೊಡ್ಡ ಸೇನೆ ಹೊರಟುಹೋಗಿ, ಹೊಸ ಪಡೆ ಊರೊಳಗೆ ಬಂದು, ನಾಯಕರು ಸೆರೆಮನೆಯಲ್ಲಿರುವ ಸ್ಥಿತಿಯಲ್ಲಿ ಸಾಮಾನ್ಯ ಹಳ್ಳಿಗನ ಮುಂದೆ ಎರಡೇ ದಾರಿಗಳಿದ್ದವು: ತುಟಿ ಹೊಲಿದುಕೊಂಡು ಇರುವುದು, ಇಲ್ಲವೇ ಗಡಿ ದಾಟುವುದು.

ಗಡಿಯಾಚೆ ಏಕೆ?

ತೆಲಂಗಾಣದ ನಲ್ಗೊಂಡ, ವರಂಗಲ್ ಭಾಗಗಳಲ್ಲಿ ಕಮ್ಯುನಿಸ್ಟರ ನೇತೃತ್ವದ ಸಶಸ್ತ್ರ ದಳಗಳು ಸಂಸ್ಥಾನದ ಒಳಗೇ ನೆಲೆ ಮಾಡಿಕೊಂಡಿದ್ದವು. ಮುಂದೆ ಅವಕ್ಕೆ ಗೋದಾವರಿ ಕಡೆಯ ದಟ್ಟ ಅರಣ್ಯದ ಆಶ್ರಯವೂ ದೊರೆಯಿತು. ಕನ್ನಡ ಜಿಲ್ಲೆಗಳ ನೆಲದ ಗುಣ ಬೇರೆ. ಗುಲಬರ್ಗಾ ಜಿಲ್ಲೆಯ ಬಹುಭಾಗ ಎರೆಭೂಮಿಯ ಬಯಲು. ಮರಗಳು ವಿರಳ. ಹಳ್ಳದ ದಂಡೆಯಲ್ಲಿ ಒಂದಿಷ್ಟು ಜಾಲಿ, ಊರ ಬಳಿ ಬೇವು, ಹುಣಸೆ, ಆಲ. ಮೈಲಿ ದೂರದಿಂದಲೇ ನಡೆದು ಬರುವ ಮನುಷ್ಯ ಕಾಣಿಸುತ್ತಾನೆ. ಚಿಂಚೋಳಿಯ ಗುಡ್ಡಗಳಲ್ಲಿ ಮಾತ್ರ ಎಲೆ ಉದುರುವ ಒಣ ಅರಣ್ಯವಿದೆ. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ವನ್ಯಜೀವಿಧಾಮವಾಗಿ ಘೋಷಿತವಾದದ್ದು ಅದೇ ಕಾಡು. ಆದರೆ ಆ ಗುಡ್ಡಗಳ ಸುತ್ತಲೂ ನಿಜಾಮನ ನೆಲವೇ ಇತ್ತು. ಪೂರ್ವಕ್ಕೆ ತಾಂಡೂರು, ಉತ್ತರಕ್ಕೆ ಬೀದರ್. ಎತ್ತ ಹೋದರೂ ಅದೇ ಸರ್ಕಾರ. ಬೇಸಿಗೆಯಲ್ಲಿ ಎಲೆ ಕಳಚಿ ಬರಿದಾಗುವ ಕಾಡಿನಲ್ಲಿ, ಹೊರಗಿನಿಂದ ಕಾಳು ಬರಲು ದಾರಿಯಿಲ್ಲದೆ, ನೂರಾರು ಜನ ತಿಂಗಳುಗಟ್ಟಲೆ ತಂಗುವುದು ಸುಲಭವಾಗಿರಲಿಲ್ಲ.

ಆದ್ದರಿಂದ ಇಲ್ಲಿಯ ಹೋರಾಟ ಗಡಿಯನ್ನೇ ಕಾಡಿನಂತೆ ಬಳಸಿಕೊಂಡಿತು. ಸಂಸ್ಥಾನದ ಪಶ್ಚಿಮಕ್ಕೂ ದಕ್ಷಿಣಕ್ಕೂ ಭಾರತದ ಆಡಳಿತದ ನೆಲವಿತ್ತು: ಮುಂಬಯಿ ಪ್ರಾಂತ್ಯದ ಸೊಲ್ಲಾಪುರ, ಬಿಜಾಪುರ, ಧಾರವಾಡ ಜಿಲ್ಲೆಗಳು, ಅಕ್ಕಲಕೋಟೆ ಸಂಸ್ಥಾನ, ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಆ ಅಂಚಿನ ಊರುಗಳಲ್ಲಿ ಶಿಬಿರಗಳು ಎದ್ದವು. ಕನ್ನಡ ಭಾಗದ ಚಟುವಟಿಕೆಗೆ ಗದಗ ಕೇಂದ್ರವಾಯಿತು. ರಾಯಚೂರಿನ ಜನಾರ್ದನರಾವ್ ದೇಸಾಯಿ, ಯಾದಗಿರಿಯ ಕೋಲೂರು ಮಲ್ಲಪ್ಪ ಮೊದಲಾದವರು ಮುಂಚೂಣಿಯಲ್ಲಿದ್ದರು. ಮುಂಡರಗಿ ಶಿಬಿರದ ಮುಖಂಡರು ಅಳವಂಡಿ ಶಿವಮೂರ್ತಿಸ್ವಾಮಿಗಳು. ಗಜೇಂದ್ರಗಡ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆ ನಡೆಸಿದರು. ಗುಲಬರ್ಗಾ ಕಡೆಯವರಿಗೆ ಹತ್ತಿರವಾದವು ಅಕ್ಕಲಕೋಟೆ ಸೀಮೆಯ ದುಧನಿ ಮತ್ತು ವಾಗ್ದರಿ.

ಮುಂಡರಗಿಯ ಬೆನ್ನಿಗೆ ಕಪ್ಪತಗುಡ್ಡವಿದೆ. ಗಜೇಂದ್ರಗಡದ ನೆತ್ತಿಯಲ್ಲಿ ಬೆಟ್ಟವೂ ಕೋಟೆಯೂ ಇವೆ. ಇವೆರಡರ ಪೂರ್ವಕ್ಕೆ ಕೊಪ್ಪಳ, ಯಲಬುರ್ಗಾ ಸೀಮೆ. ಅದು ಆಗ ಸಾಲಾರ್ ಜಂಗ್ ಮನೆತನದ ಜಾಗೀರು. ಗುಡ್ಡದ ಬೆನ್ನು, ಮುಂದೆ ಕಾಣುವ ಬಯಲು, ಹಿಂದೆ ಸ್ವತಂತ್ರ ಭಾರತದ ಊರು: ಶಿಬಿರಕ್ಕೆ ಇದಕ್ಕಿಂತ ಅನುಕೂಲವಾದ ನೆಲೆ ದೊರೆಯುವುದು ಕಷ್ಟ. ದುಧನಿಗೆ ಗುಡ್ಡದ ಆಸರೆಯಿರಲಿಲ್ಲ. ಅದಕ್ಕಿದ್ದದ್ದು ರೈಲು. ಸೊಲ್ಲಾಪುರದಿಂದ ವಾಡಿಯತ್ತ ಬರುವ ಮುಂಬಯಿ–ಮದ್ರಾಸ್ ಹಳಿ ದುಧನಿಯನ್ನು ಹಾಯ್ದು ನಿಜಾಮನ ನೆಲ ಪ್ರವೇಶಿಸುತ್ತಿತ್ತು. ಮುಂದೆ ಗಾಣಗಾಪುರ ರೋಡ್, ಗುಲಬರ್ಗಾ, ಶಹಾಬಾದ, ವಾಡಿ. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಲಾರಂಭಿಸಿದಂದಿನಿಂದ ವಾಡಿ ಎರಡು ಆಡಳಿತಗಳ ಹಳಿ ಸೇರುವ ಜಂಕ್ಷನ್. ಸುದ್ದಿ, ಪತ್ರಿಕೆ, ಮನುಷ್ಯರು, ಹಣ, ಎಲ್ಲವೂ ಈ ಹಳಿಯ ಮೇಲೆ ಚಲಿಸುತ್ತಿದ್ದವು. ಅಷ್ಟೇ ಅಪಾಯವೂ ಅಲ್ಲಿತ್ತು. 1948ರ ಮೇ ತಿಂಗಳಲ್ಲಿ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ರಜಾಕಾರರು ನಡೆಸಿದ ದಾಳಿ ದೇಶದ ಗಮನ ಸೆಳೆಯಿತು.

ಹೀಗೆ ಗಡಿಯ ಉದ್ದಕ್ಕೂ ನಿಂತ ಶಿಬಿರಗಳು ಕನ್ನಡ, ಮರಾಠಿ, ತೆಲುಗು ಭಾಗಗಳನ್ನೆಲ್ಲ ಸೇರಿಸಿದರೆ ನೂರರಷ್ಟಾಗುತ್ತವೆ. ಮುಂದೆ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು ಚಾಂದಾ, ಅಂದರೆ ಇಂದಿನ ಚಂದ್ರಪುರದ ಶಿಬಿರದಲ್ಲಿ ದುಡಿದವರು.

ನೂರು ಕಿಲೋಮೀಟರಿನ ದಾರಿ

ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಾಳಗಿ ಆ ದಿನಗಳಲ್ಲಿ ಗಡಿಯಿಂದ ಬಹುದೂರದ ಊರು. ಇಲ್ಲಿಂದ ದುಧನಿಗೆ ನೂರು ಕಿಲೋಮೀಟರಿನ ಆಸುಪಾಸು. ಚಿಂಚೋಳಿಯಿಂದ, ಸೇಡಂನಿಂದ ಇನ್ನೂ ಹೆಚ್ಚು. ಮುಂಡರಗಿ ಕಡೆಯವರು ರಾತ್ರಿ ಗಡಿ ದಾಟಿ ಬೆಳಗಾಗುವಷ್ಟರಲ್ಲಿ ಮರಳಬಹುದಿತ್ತು. ಕಾಳಗಿ, ಚಿತ್ತಾಪುರ, ಸೇಡಂ, ಚಿಂಚೋಳಿಯವರಿಗೆ ಹೋಗುವುದೆಂದರೆ ಊರು ಬಿಡುವುದೇ ಆಗಿತ್ತು. ಗಡಿ ಪ್ರದೇಶದ ಹೋರಾಟಕ್ಕೆ ದೊರೆತ ಪ್ರಸಿದ್ಧಿ ಒಳನಾಡಿಗೆ ದೊರೆಯದಿರಲು ಇದೊಂದು ಮುಖ್ಯ ಕಾರಣ.

ಆ ದಾರಿಯನ್ನು ಒಬ್ಬ ರೈತನ ಕಣ್ಣಿನಿಂದ ನೋಡಬೇಕು. ಕಾಳಗಿಯಿಂದ ಪಶ್ಚಿಮಕ್ಕೆ ಹೊರಟರೆ ಬೆಣ್ಣೆತೊರೆಯನ್ನು ದಾಟಬೇಕು. ಗುಲಬರ್ಗಾದ ಬಯಲು ಕಳೆದು ಆಳಂದ ಸೀಮೆಯ ಕಡೆ ತಿರುಗಿದರೆ ಅಮರ್ಜಾ ನದಿ. ದಕ್ಷಿಣಕ್ಕೆ ಸರಿದು ಅಫಜಲಪುರದ ಕಡೆ ಹೋದರೆ ಭೀಮೆಯೇ ಗಡಿ. ಆಚೆ ದಡದಲ್ಲಿ ಬಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ ಸೀಮೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಾಯ್ದು ಹೋಗಬಹುದಾದ ಭೀಮೆ ಮಳೆಗಾಲದಲ್ಲಿ ಹರಿಗೋಲಿಲ್ಲದೆ ದಾಟಲಾಗದ ಹೊಳೆ.

ಕಾಲಮಾನ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುತ್ತಿತ್ತು. ಮುಂಗಾರಿನಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಕಿತ್ತಿಡುವ ಹೆಜ್ಜೆಯೆಲ್ಲ ಭಾರ. ಬಂಡಿಯ ಗಾಲಿ ಅಚ್ಚಿನವರೆಗೆ ಹೂಳುವ ಕಾಲದಲ್ಲಿ ಕುದುರೆ, ಮೋಟಾರು ಯಾವುದೂ ಹೊಲದೊಳಗೆ ಬರಲಾರದು; ನಡೆಯುವವನಿಗೆ ಅದೇ ರಕ್ಷಣೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹಿಂಗಾರಿ ಜೋಳ ಆಳೆತ್ತರಕ್ಕೆ ಬೆಳೆದು ನಿಲ್ಲುತ್ತದೆ. ಅದರ ಸಾಲಿನೊಳಗೆ ಕುಳಿತವನು ಹತ್ತು ಮಾರು ದೂರಕ್ಕೂ ಕಾಣಿಸುವುದಿಲ್ಲ. ತೊಗರಿಯೂ ಹಾಗೆಯೇ. ಸುಗ್ಗಿ ಮುಗಿದು ಕಣಿಕೆ ಬಣವೆಗೆ ಸೇರಿದ ಮೇಲೆ ಯುಗಾದಿಯ ಹೊತ್ತಿಗೆ ನೆಲವೆಲ್ಲ ಬಟಾಬಯಲು; ಆಗ ರಾತ್ರಿಯೊಂದೇ ಮರೆ. ಗಡಿ ದಾಟುವವನಿಗೆ ಬೆಳೆಯ ಪಂಚಾಂಗವೇ ದಾರಿಯ ಪಂಚಾಂಗವಾಗಿತ್ತು. ಕುರಿಗಾಹಿ, ದನಗಾಹಿ, ಸಂತೆಯಿಂದ ಸಂತೆಗೆ ನಡೆಯುವ ಸಣ್ಣ ವ್ಯಾಪಾರಿ, ಗುಡ್ಡದ ತಾಂಡಾಗಳ ಲಂಬಾಣಿಗರು, ಇಂಥವರಿಗಿಂತ ಚೆನ್ನಾಗಿ ಈ ದಾರಿಗಳನ್ನು ಬಲ್ಲವರು ಬೇರೆ ಯಾರಿದ್ದಾರೆ?

ದಾರಿಯ ಬುತ್ತಿ ಯಾವುದೆಂದು ಕೇಳಿದರೆ ಈ ಸಭೆಯ ತಾಯಂದಿರೇ ಉತ್ತರ ಹೇಳಬಲ್ಲರು. ಒಣಗಿಸಿದ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚಬೇಕಿಲ್ಲ, ಹೊಗೆ ಏಳುವುದಿಲ್ಲ. ಈ ಸೀಮೆಯ ಆಹಾರ ಕ್ರಮವೇ ದೂರದ ಹೊಲಕ್ಕೂ ದೂರದ ದಾರಿಗೂ ಹೇಳಿ ಮಾಡಿಸಿದ್ದು. ಶಿಬಿರ ಸೇರಿದವರ ಹೆಸರುಗಳು ಪಿಂಚಣಿ ಕಡತಗಳಲ್ಲಿ ಉಳಿದವು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದವರ ಹೆಸರಿಗೆ ಅಂತಹ ಕಡತವಿಲ್ಲ.

ಶಿಬಿರದ ಕೆಲಸ

ಶಿಬಿರಗಳಲ್ಲಿ ಎರಡು ಬಗೆಯ ಜನರಿದ್ದರು. ಮೊದಲನೆಯವರು ಮನೆ ಬಿಟ್ಟು ಬಂದ ನಿರಾಶ್ರಿತರು. ಅವರಿಗೆ ಅನ್ನ, ಆಸರೆ ಒದಗಿಸಬೇಕಿತ್ತು. ಎರಡನೆಯವರು ಬಂದೂಕು ಹಿಡಿಯಲು ಕಲಿತು ಗಡಿ ದಾಟಿ ಹೋಗುತ್ತಿದ್ದ ಯುವಕರು. ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ, ರಜಾಕಾರರ ನೆಲೆಗಳ ಮೇಲೆ ಅವರು ದಾಳಿ ನಡೆಸಿದರು. ತಂತಿ ಕತ್ತರಿಸಿದರು. ಗಡಿಯ ಹಲವು ಹಳ್ಳಿಗಳಲ್ಲಿ ನಿಜಾಮನ ಆಡಳಿತ ಸೇನೆ ಬರುವ ಮುಂಚೆಯೇ ಹೆಸರಿಗೆ ಮಾತ್ರ ಉಳಿದಿತ್ತು. ಮರಾಠವಾಡಾದ ಉಮರಿಯಲ್ಲಿ 1948ರ ಜನವರಿ 30ರಂದು ಬ್ಯಾಂಕಿನ ಮೇಲೆ ದಾಳಿ ನಡೆದು ಆ ಹಣ ಹೋರಾಟಕ್ಕೆ ಬಳಕೆಯಾಯಿತು. ಗಾಂಧೀಜಿಯವರು ಹತರಾದದ್ದೂ ಅದೇ ದಿನ. ಅಹಿಂಸೆಯ ಪ್ರತಿಜ್ಞೆ ಮಾಡಿದ ಸಂಘಟನೆಯೊಂದು ಬಂದೂಕಿನ ಶಿಬಿರಗಳನ್ನು ನಡೆಸಬೇಕಾಗಿ ಬಂದ ಒಳಗಿನ ತಳಮಳವನ್ನು ಈ ಒಂದು ದಿನಾಂಕವೇ ಸೂಚಿಸುತ್ತದೆ.

ರಜಾಕಾರರ ಕ್ರೌರ್ಯದ ಅತ್ಯಂತ ದಾರುಣ ಉದಾಹರಣೆ ಬೀದರ್ ಜಿಲ್ಲೆಯ ಗೋರಟಾ. 1948ರ ಮೇ ತಿಂಗಳಲ್ಲಿ ಅಲ್ಲಿ ಇನ್ನೂರರಷ್ಟು ಜನರ ಹತ್ಯೆಯಾಯಿತು. ಇಂತಹ ಸುದ್ದಿ ಬಂದಂತೆಲ್ಲ ಶಿಬಿರಗಳಿಗೆ ಬರುವವರ ಸಂಖ್ಯೆ ಹೆಚ್ಚಿತು. ಬಿತ್ತುವ ಕೈಗಳೇ ಊರು ಬಿಟ್ಟರೆ ಹೊಲದ ಗತಿ ಏನಾಗುತ್ತದೆ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ. ಒಂದು ಮುಂಗಾರು ತಪ್ಪಿದರೆ ಒಂದು ವರ್ಷದ ಕಾಳೂ ಮುಂದಿನ ವರ್ಷದ ಬೀಜವೂ ಒಟ್ಟಿಗೇ ಹೋಗುತ್ತವೆ.

ಈಚಲ ಮರದ ಕಥೆ

ಪರಿಸರಾಸಕ್ತರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1947ರ ಸತ್ಯಾಗ್ರಹದ ಕಾರ್ಯಕ್ರಮದಲ್ಲಿ ಲೆವಿ ನಿರಾಕರಣೆಯೊಂದಿಗೆ ಜಂಗಲ್ ಸತ್ಯಾಗ್ರಹವೂ ಸೇಂದಿ ಮರಗಳನ್ನು ಕಡಿಯುವುದೂ ಸೇರಿದ್ದವು. ಸೇಂದಿ ಎಂದರೆ ಈಚಲಿನ ಹೆಂಡ. ಅಬಕಾರಿ ವರಮಾನ ನಿಜಾಮ ಸರ್ಕಾರದ ಬೊಕ್ಕಸದ ದೊಡ್ಡ ಆಧಾರ. ಮರ ಉರುಳಿದರೆ ವರಮಾನ ಉರುಳುತ್ತದೆ, ಜೊತೆಗೆ ಪಾನನಿಷೇಧದ ಗಾಂಧೀ ಮಾರ್ಗವೂ ಪಾಲನೆಯಾಗುತ್ತದೆ ಎಂಬುದು ಲೆಕ್ಕಾಚಾರ. ಹಳ್ಳದ ದಂಡೆಗಳಲ್ಲಿ ಕೊಡಲಿಯ ಸದ್ದು ಕೇಳಿಸಿತು.

ಈಚಲು ಹಳ್ಳದ ದಂಡೆಯ ಮಣ್ಣನ್ನು ಬೇರಿನಿಂದ ಹಿಡಿದಿಡುವ ಗಿಡ. ಅದರ ಗರಿಯಿಂದ ಚಾಪೆ, ಕಸಬರಿಗೆ, ಬುಟ್ಟಿ. ಅದರ ಹಣ್ಣು ಹಕ್ಕಿಗಳಿಗೂ ಮಕ್ಕಳಿಗೂ ಆಹಾರ. ಗರಿ ಹೆಣೆದು ಬದುಕುವ ಕುಟುಂಬಗಳಿಗೆ ಅದೇ ಹೊಲ, ಅದೇ ಹಿತ್ತಿಲು. ಜನರು ಸಿಟ್ಟಾಗಿದ್ದದ್ದು ಮರದ ಮೇಲಲ್ಲ, ಮರದ ಮೇಲೆ ಕುಳಿತಿದ್ದ ಗುತ್ತಿಗೆಯ ಮೇಲೆ. ಕಾಡು, ಮರ, ಹುಲ್ಲುಗಾವಲುಗಳು ಜನರ ಕೈತಪ್ಪಿ ಬರಿಯ ವರಮಾನದ ಬಾಬ್ತುಗಳಾದಾಗ, ಅವನ್ನು ಕಾಯಬೇಕಾದ ಜನರೇ ಕೊಡಲಿ ಎತ್ತುವ ಸ್ಥಿತಿ ಬರುತ್ತದೆ. ಅರಣ್ಯದಂಚಿನ ಹಳ್ಳಿಗಳ ಜನ ಇಂದಿಗೂ ನೆನಪಿಡಬೇಕಾದ ಪಾಠವಿದು. ಆಡಳಿತ ನಡೆಸುವವರೂ ಇದನ್ನು ಕಲಿಯಬೇಕು.

ಗೆಲುವಿನ ನೆರಳು

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಹಾದಿಯಲ್ಲಿ ಒಳನುಗ್ಗಿತು. ಪೂರ್ವದಲ್ಲಿ ವಿಜಯವಾಡದ ಕಡೆಯಿಂದ, ದಕ್ಷಿಣದಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯನ್ನು ದಾಟಿ ಇತರ ಪಡೆಗಳು ಬಂದವು. ಸೆಪ್ಟೆಂಬರ್ 17ರ ಸಂಜೆ ನಿಜಾಮ ಕದನವಿರಾಮ ಘೋಷಿಸಿದನು. ಮರುದಿನ ಅವನ ಸೇನಾಧಿಪತಿ ಎಲ್ ಎದ್ರೂಸ್ ಶರಣಾಗತನಾದನು. ಶಿಬಿರಗಳ ಕೆಲಸ ಅಲ್ಲಿಗೆ ಮುಗಿಯಿತು. ಮರುವರ್ಷ ಜಾಗೀರುಗಳು ರದ್ದಾದವು.

ಆದರೆ ಸತ್ಯವನ್ನು ಅರ್ಧಕ್ಕೆ ನಿಲ್ಲಿಸಬಾರದು. ಸೇನಾ ಕಾರ್ಯಾಚರಣೆಯ ಬೆನ್ನಲ್ಲೇ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಪ್ರತೀಕಾರ ನಡೆಯಿತು. ಇದನ್ನು ಪರಿಶೀಲಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿದ್ದ ನಿಯೋಗವನ್ನು ಕಳುಹಿಸಿತು. ಕನಿಷ್ಠ ಲೆಕ್ಕದಲ್ಲಿ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಆ ನಿಯೋಗ ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಅಂದರೆ ಈ ಸಭೆ ನಡೆಯುತ್ತಿರುವ ಜಿಲ್ಲೆಯೇ ಆ ಪಟ್ಟಿಯಲ್ಲಿದೆ. ನೆರೆಯ ಮುಸ್ಲಿಂ ಕುಟುಂಬಗಳನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನೂ ಅದೇ ವರದಿ ದಾಖಲಿಸಿದೆ. ದಶಕಗಳ ಕಾಲ ಈ ವರದಿ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಭಾರತದೊಡನೆ ವಿಲೀನವಾಗಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ರಜಾಕಾರರು 1948ರ ಆಗಸ್ಟ್‌ನಲ್ಲಿ ಕೊಂದರು. ರಜಾಕಾರರನ್ನು ಎದುರಿಸಿದವರಲ್ಲಿ ಮುಸ್ಲಿಮರೂ ಇದ್ದರು ಎಂಬುದಕ್ಕೆ ಅವರ ಬಲಿದಾನ ಸಾಕ್ಷಿ. ವಿಮೋಚನೆಯ ದಿನವನ್ನು ಒಂದು ಧರ್ಮದವರು ಇನ್ನೊಂದು ಧರ್ಮದವರ ಮೇಲೆ ಸಾಧಿಸಿದ ಗೆಲುವೆಂದು ಹೇಳುವವರಿಗೆ ಈ ಹೆಸರೊಂದೇ ಉತ್ತರ. ಮರೆತ ಶಿಬಿರಗಳನ್ನು ನೆನೆಯುವವರು ಮರೆಯಿಸಿದ ಸಾವುಗಳನ್ನೂ ನೆನೆಯಬೇಕು. ಒಂದೇ ಬಾವಿಯ ನೀರು ಸೇದುವ ಊರುಗಳಲ್ಲಿ ಅರ್ಧ ನೆನಪು ಹೊಸ ಗಾಯಗಳನ್ನು ಮಾಡುತ್ತದೆ.

ಮರೆತದ್ದು ಹೇಗೆ?

ಶಿಬಿರಗಳು ನೆನಪಿನಿಂದ ಜಾರಿದ್ದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಗಡಿಯೇ ಬದಲಾದದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ, ರಾಯಚೂರು, ಬೀದರ್ ಭಾಗಗಳು ಮೈಸೂರು ರಾಜ್ಯ ಸೇರಿದವು. ದುಧನಿ, ವಾಗ್ದರಿಗಳು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿವೆ. ಅಲ್ಲಿ ಕನ್ನಡ ಇಂದಿಗೂ ಮನೆಮಾತು. ಆದರೆ ಕರ್ನಾಟಕದ ಪಠ್ಯಪುಸ್ತಕಕ್ಕೆ ಅವು ಹೊರಗಿನ ಊರುಗಳು. ಆ ಊರುಗಳಿಗಾದರೋ ಇದು ಪಕ್ಕದ ರಾಜ್ಯದವರ ಹೋರಾಟ. ಮುಂಡರಗಿ, ಗಜೇಂದ್ರಗಡಗಳು ಈಗ ಗದಗ ಜಿಲ್ಲೆಯಲ್ಲಿವೆ; ಅವು ನಿಜಾಮನ ಆಳ್ವಿಕೆಯಲ್ಲಿ ಇರಲೇ ಇಲ್ಲವಾದ್ದರಿಂದ ಸೆಪ್ಟೆಂಬರ್ 17ರ ಸಂಭ್ರಮ ಅಲ್ಲಿಯದಲ್ಲ. ಎರಡೂ ಕಡೆಯವರು ಇನ್ನೊಂದು ಕಡೆಯವರದೆಂದು ಬಿಟ್ಟ ನೆನಪು ಯಾರದೂ ಆಗದೆ ಹೋಯಿತು.

ಎರಡನೆಯದು ನೆನಪು ಕಡತಕ್ಕೆ ಸೇರಿದ್ದು. 1980ರ ದಶಕದ ನಂತರ ಶಿಬಿರಗಳಲ್ಲಿದ್ದವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಅವಕಾಶ ದೊರೆತಾಗ ಶಿಬಿರಗಳ ಅಧಿಕೃತ ಪಟ್ಟಿಗಳಾದವು. ಯಾರು ಯಾವ ಶಿಬಿರದಲ್ಲಿ ಎಷ್ಟು ತಿಂಗಳಿದ್ದರು ಎಂಬುದಕ್ಕೆ ಪ್ರಮಾಣಪತ್ರ ಬೇಕಾಯಿತು. ಶಿಬಿರದ ಬಾವಿ ಎಲ್ಲಿತ್ತು, ಯಾವ ಮರದಡಿ ಕಾವಲು ಕೂರುತ್ತಿದ್ದರು, ದಾರಿ ಯಾವ ಹಳ್ಳ ಹಿಡಿದು ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಜನರ ಹೆಸರು ಉಳಿಯಿತು, ನೆಲದ ಹೆಸರು ಅಳಿಯಿತು.

ಮೂರನೆಯದು ನೆಲವೇ ಬದಲಾದದ್ದು. ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಸೀಮೆಯ ಎರೆಮಣ್ಣಿನ ಅಡಿಯಲ್ಲಿ ಸುಣ್ಣಕಲ್ಲಿನ ಪದರವಿದೆ. ಶಹಾಬಾದಿನ ಹಾಸುಗಲ್ಲು ದೇಶದ ಮನೆಮನೆಯ ನೆಲಕ್ಕೆ ಹೋಗಿದೆ. ಸಿಮೆಂಟು ದೇಶದ ಗೋಡೆಗಳಿಗೆ ಹೋಗಿದೆ. ಗಣಿ ತೋಡಿದ ಕಡೆ ಹಳೆಯ ಬಂಡಿದಾರಿ, ಹಳ್ಳದ ತಿರುವು, ಹುಣಸೆಯ ತೋಪು ಉಳಿಯುವುದಿಲ್ಲ. ಕಾಗದ ಕಳೆದರೆ ನಕಲು ಸಿಗಬಹುದು. ನೆಲದ ಗುರುತು ಒಮ್ಮೆ ಅಗೆದು ಹೋದರೆ ಅದಕ್ಕೆ ನಕಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆಯೂ ಇದೆ. ಮುಂಡರಗಿ ಶಿಬಿರದ ಬೆನ್ನಿಗಿದ್ದ ಕಪ್ಪತಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೊಡನೆ ರೈತರು, ವಿದ್ಯಾರ್ಥಿಗಳು, ಪರಿಸರಾಸಕ್ತರು ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗುಡ್ಡ ಉಳಿದದ್ದರಿಂದ ಔಷಧಿ ಸಸ್ಯಗಳು ಉಳಿದವು, ಹಳ್ಳಗಳು ಉಳಿದವು. ಅದರೊಡನೆ ಮುಂಡರಗಿಯ ಭೀಮರಾಯನ ಕಾಲದಿಂದ ಶಿವಮೂರ್ತಿಸ್ವಾಮಿಗಳ ಕಾಲದವರೆಗಿನ ಹೋರಾಟಗಳ ಹಿನ್ನೆಲೆಯೂ ಕಣ್ಣಿಗೆ ಕಾಣುವಂತೆ ಉಳಿಯಿತು.

ಇನ್ನು ಮಾಡಬೇಕಾದದ್ದು

ಸ್ಮಾರಕ ಕಟ್ಟುವುದು ಸರ್ಕಾರದ ಕೆಲಸ, ಅದಕ್ಕೆ ಹಣ ಬೇಕು. ವಿದ್ಯಾರ್ಥಿಗಳು ಮಾಡಬಹುದಾದ ಕೆಲಸಕ್ಕೆ ಒಂದು ನೋಟುಪುಸ್ತಕ ಸಾಕು.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಪ್ರತಿ ಹಳ್ಳಿಯಲ್ಲಿ, ಪ್ರತಿ ತಾಂಡಾದಲ್ಲಿ ಅಂತಹವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರ ಬಳಿ ಹೋಗಿ ಕುಳಿತುಕೊಳ್ಳಿರಿ. ಯಾರು ವೀರರೆಂದು ಕೇಳುವ ಮುಂಚೆ ಬೇರೆ ಪ್ರಶ್ನೆ ಕೇಳಿರಿ: ಆ ವರ್ಷ ಯಾವ ಹೊಲ ಬಿತ್ತಲಿಲ್ಲ? ಕಾಳನ್ನು ಎಲ್ಲಿ ಹೂತಿಟ್ಟರು? ಊರು ಬಿಟ್ಟವರು ಯಾವ ಹಾದಿ ಹಿಡಿದರು? ರಾತ್ರಿ ಎಲ್ಲಿ ನೀರು ಕುಡಿದರು? ಯಾರ ಮನೆಯಲ್ಲಿ ಯಾರು ಅಡಗಿದ್ದರು? ಹಿಂದೂ, ಮುಸ್ಲಿಂ, ದಲಿತ, ಲಂಬಾಣಿ ಎಲ್ಲ ಓಣಿಗಳಲ್ಲಿಯೂ ಕೇಳಿರಿ. ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಬರೆದಿಡಿರಿ. ಹೇಳಿದವರ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಹೊರಗೆ ಹೇಳದಿರಿ.

ಬರೆದುಕೊಂಡ ಬಾವಿ, ಮರ, ಹಳ್ಳ, ದಾರಿಗಳನ್ನು ಗ್ರಾಮದ ನಕ್ಷೆಯ ಮೇಲೆ ಗುರುತಿಸಿರಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಊರಿನ ಹಳೆಯ ಮರಗಳು, ಜಲಮೂಲಗಳು, ನೆಲದ ಬಗೆಗಿನ ಜನರ ತಿಳಿವಳಿಕೆ ಆ ದಾಖಲಾತಿಯಲ್ಲಿ ಸೇರಲು ಅವಕಾಶವಿದೆ. ಅದರಲ್ಲಿ ಒಂದು ಆಲದ ಮರವನ್ನು ಬರೆಯುವಾಗ ಅದರ ಸುತ್ತಳತೆಯೊಂದಿಗೆ 1948ರಲ್ಲಿ ಅದರಡಿ ಯಾರು ತಂಗಿದ್ದರು ಎಂಬುದನ್ನೂ ಬರೆದರೆ, ಆ ಮರವನ್ನು ಕಡಿಯಲು ಬರುವವರು ಎರಡು ಬಾರಿ ಯೋಚಿಸಬೇಕಾಗುತ್ತದೆ.

ಬೇಸಿಗೆ ರಜೆಯಲ್ಲಿ ಒಂದು ತಂಡ ಕಾಳಗಿಯಿಂದ ದುಧನಿಯವರೆಗಿನ ದಾರಿಯನ್ನು ಊರಿಂದೂರಿಗೆ ವಿಚಾರಿಸುತ್ತ ನಡೆದು ನೋಡಲಿ. ದುಧನಿ, ವಾಗ್ದರಿಯ ಕನ್ನಡ ಶಾಲೆಗಳ ಮಕ್ಕಳೊಡನೆ ಪತ್ರ ವ್ಯವಹಾರ ಆರಂಭವಾಗಲಿ. ಅಂದು ಆ ಊರುಗಳು ಈ ಸೀಮೆಯ ಜನರಿಗೆ ಅನ್ನ ಮತ್ತು ಆಸರೆ ಕೊಟ್ಟವು. ಅದರ ಋಣ ಬಾಕಿಯಿದೆ. ಮುಂದಿನ ಸೆಪ್ಟೆಂಬರ್ 17ರಂದು ಧ್ವಜದ ಕೆಳಗೆ ನಿಂತು ಮಾತನಾಡುವ ವಿದ್ಯಾರ್ಥಿ ತನ್ನ ಊರಿನ ಒಂದು ಬಾವಿಯ, ಒಂದು ದಾರಿಯ, ಒಬ್ಬ ಅಜ್ಜಿಯ ಕಥೆಯನ್ನು ಹೇಳುವಂತಾಗಲಿ. ಅಷ್ಟಾದರೆ ಇಂದಿನ ಈ ಸಭೆ ಸಾರ್ಥಕ.